ಅಂಗೈಯ ಸಾಂಬಾರು, ಕುತ್ತಿಗೆಯ ಗ್ರಂಥಿ

ಅಪ್ಪನ ಸಾಂಬಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಮೊದಲು ಹೇಳಿದವನು ಬೈಕುಲ್ಲಾ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಒಬ್ಬ ಹಳೆಯ ಗಿರಾಕಿ. ದಿನವೂ ಬೆಳಿಗ್ಗೆ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ತಿಂದು, ಬಟ್ಟಲೆತ್ತಿ ಉಳಿದದ್ದನ್ನು ಕುಡಿದು ಹೋಗುವ ಮನುಷ್ಯ. ಅವತ್ತು ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದು, ಹಣದ ಗಲ್ಲೆಯಲ್ಲಿ ಕೂತಿದ್ದ ಹೋಟೆಲಿನ ಧಣಿಗೆ, "ಶೇಠ್, ಆಜ್ ಸಮುಂದರ್ ಕಾ ಪಾನೀ ಡಾಲಾ ಕ್ಯಾ?" ಎಂದನಂತೆ, ಇವತ್ತು ಸಮುದ್ರದ ನೀರು ಹಾಕಿದ್ದೀರಾ ಎಂದು. ಧಣಿ ನಕ್ಕು ಸುಮ್ಮನಾದರು. ಮರುದಿನ ಇನ್ನೊಬ್ಬ ಹೇಳಿದ. ಕೆಲವು ದಿನ ಕಳೆಯುವುದರಲ್ಲಿ ಧಣಿ ನಗುವುದನ್ನು ನಿಲ್ಲಿಸಿದರು.

ಆ ಹೋಟೆಲಿನ ಒಲೆ ನಾನು ಹುಟ್ಟುವ ಮೊದಲಿನಿಂದಲೂ ಅಪ್ಪನ ಕೈಯಲ್ಲಿದೆ. ನಾವು ಉಡುಪಿ ಕಡೆಯವರು, ಮನೆ ಭಾಂಡುಪ್‌ನಲ್ಲಿ. ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ಅಪ್ಪ ಬೈಕುಲ್ಲಾಕ್ಕೆ ಹೋಗುತ್ತಾರೆ. ಹೋಟೆಲಿನ ಅಡುಗೆಮನೆಯ ಗೋಡೆಯಲ್ಲಿರುವ ದೇವರ ಪಟಕ್ಕೆ ದೀಪ ಹಚ್ಚಿ, ಆಮೇಲೆ ಒಲೆ ಹಚ್ಚುತ್ತಾರೆ. ದೀಪ ಹಚ್ಚುವ ತನಕ ಬಾಯಿಗೆ ಒಂದು ಹನಿ ನೀರೂ ಇಲ್ಲ. ಅವರಿಗೆ ಕೆಲಸ ಕಲಿಸಿದ ಹಿರಿಯರಿಂದ ಬಂದ ಪದ್ಧತಿ ಅದು. ಇದರ ಹಿಂದಿನ ತರ್ಕವೇನೆಂದು ನಾನು ಬಹಳ ಸಲ ಕೇಳಿದ್ದೇನೆ. "ಅದಕ್ಕೆ ತರ್ಕ ಎಂತ? ಅವರು ಮಾಡ್ತಿದ್ರು, ನಾನು ಮಾಡ್ತೇನೆ," ಎನ್ನುತ್ತಾರೆ.

ತರ್ಕ ಕೇಳುವುದು ನನ್ನ ಅಭ್ಯಾಸ. ಮನೆಯವರ ಪ್ರಕಾರ ದುರಭ್ಯಾಸ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದುತ್ತಿದ್ದಾಗಲೇ ಕನ್ನಡ ಸಂಘಗಳ ಚರ್ಚಾಸ್ಪರ್ಧೆಗಳಲ್ಲಿ ಈ ವರ್ಷ ಒಂದು ವಿಷಯದ ಪರವಾಗಿ, ಮುಂದಿನ ವರ್ಷ ಅದೇ ವಿಷಯದ ವಿರುದ್ಧವಾಗಿ ಮಾತಾಡಿ ಗೆದ್ದು ಬಂದವಳು ನಾನು. ಈಗ ಕಾನೂನು ಓದುತ್ತಿದ್ದೇನೆ. ದೇವರು, ಜಾತಕ, ಪಕ್ಕದ ಮನೆಯವರು ಫೋನಿಗೆ ಕಳಿಸುವ ಮನೆಮದ್ದು, ಯಾವುದನ್ನೂ ಪುರಾವೆಯಿಲ್ಲದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಂಥವಳಿಗೆ ಕೃತಜ್ಞತೆಯ ಬಗ್ಗೆ ಬರೆಯುವುದು ಸುಲಭವಲ್ಲ. ದೇವರಿಲ್ಲ ಎನ್ನುವವಳು ಯಾರಿಗೆ ಕೈಮುಗಿಯುತ್ತಾಳೆ ಎಂದು ವೇದಿಕೆಯ ಮೇಲೆ ಎದುರಾಳಿಗಳು ನನ್ನನ್ನು ಕೆಣಕಿದ್ದುಂಟು. ಉತ್ತರವಾಗಿ ಹೆಸರಿಸುವಷ್ಟು ಜನ ಈಗ ನನ್ನ ಬಳಿ ಇದ್ದಾರೆ. ಅವರಲ್ಲಿ ಮೊದಲನೆಯದು, ಜನವೇ ಅಲ್ಲದ ಒಂದು ಗ್ರಂಥಿ.

ಉಪ್ಪಿಗಿಂತ ಮೊದಲೇ ಬೇರೆ ಸೂಚನೆಗಳು ಬಂದಿದ್ದವು, ನಾವು ಓದಲಿಲ್ಲ. ಮೇ ತಿಂಗಳ ಸೆಖೆಯಲ್ಲಿ ಇಡೀ ಬಿಲ್ಡಿಂಗ್ ಫ್ಯಾನಿನ ಕೆಳಗೆ ಒದ್ದಾಡುತ್ತಿದ್ದರೆ ಅಪ್ಪ ಶಾಲು ಹೊದ್ದು ಕೂರುತ್ತಿದ್ದರು. ಮುಖ ಊದಿಕೊಂಡಿತ್ತು. ಸ್ವರ ಗೊಗ್ಗರಾಗಿ, ಒಂದು ವಾಕ್ಯ ಶುರುಮಾಡಿ ಮುಗಿಸುವುದರೊಳಗೆ ಕೇಳುವವರಿಗೆ ಆಕಳಿಕೆ ಬರುವಂತಾಗಿತ್ತು. ಬೈಕುಲ್ಲಾದಲ್ಲಿ ಇಳಿಯಬೇಕಾದವರು ನಿದ್ದೆ ಹೋಗಿ ಕೊನೆಯ ನಿಲ್ದಾಣ ವಿ.ಟಿ.ಯಲ್ಲಿ ಗಾಡಿ ಖಾಲಿಯಾದ ಮೇಲೆ ಎದ್ದು, ತಿರುಗಿ ಬರುತ್ತಿದ್ದರು. ಅಮ್ಮ ವಯಸ್ಸು ಎಂದಳು. ನಾನು ಕಬ್ಬಿಣಾಂಶದ ಕೊರತೆ ಎಂದೆ. ಇಬ್ಬರೂ ಬಹಳ ವಿಶ್ವಾಸದಿಂದ ಹೇಳಿದೆವು.

ಕೊನೆಗೆ ಪರೇಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆಯಾಗಿ ಗೊತ್ತಾಯಿತು: ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಕೂತಿರುವ ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸುತ್ತಾ ಬಂದಿದೆ. ದೇಹದ ಒಲೆಯ ಉರಿಯನ್ನು ಏರಿಸುವ ಇಳಿಸುವ ಗ್ರಂಥಿ ಅದು. ಅದರ ರಸ ರಕ್ತದಲ್ಲಿ ಕಡಿಮೆಯಾದರೆ ಹೃದಯ ನಿಧಾನ, ಕರುಳು ನಿಧಾನ, ಮಾತು ನಿಧಾನ, ಮೈ ತಣ್ಣಗೆ. ಕೆಲವರಲ್ಲಿ ನಾಲಿಗೆಯ ರುಚಿಯೂ ಮಂಕಾಗುತ್ತದೆ. ಸಾಂಬಾರು ಸಮುದ್ರವಾದದ್ದರ ಗುಟ್ಟು ಅಲ್ಲಿತ್ತು. ತನಗೆ ಸಪ್ಪೆ ಎನಿಸಿದ್ದಕ್ಕೆ ಅಪ್ಪ ಉಪ್ಪು ಹಾಕುತ್ತಿದ್ದರು.

ವಿಷಯ ಕೇಳಿ ಅಪ್ಪನನ್ನು ಕಾಯಿಲೆಗಿಂತ ಹೆಚ್ಚಾಗಿ ಕಾಡಿದ್ದು ನಾಚಿಕೆ. ಧಣಿಗೆ ಹೇಳಿದಾಗ ಅವರು, "ಥೈರಾಯ್ಡಾ? ಅದು ಹೆಂಗಸರಿಗೆ ಬರುದಲ್ವಾ ಮಾರಾಯ್ರೇ? ನನ್ನ ಹೆಂಡ್ತಿಗುಂಟು, ನಾದಿನಿಗುಂಟು," ಎಂದು ಆಶ್ಚರ್ಯಪಟ್ಟರಂತೆ. ಮನೆಗೆ ಬಂದು ಅಪ್ಪ ನನ್ನನ್ನು ಕೇಳಿದರು, "ಗಂಡಸರಿಗೂ ಆ ಗ್ರಂಥಿ ಉಂಟಾ?" ಉಂಟು ಎಂದೆ. "ಮತ್ತೆ ಯಾರೂ ಹೇಳುದಿಲ್ಲ ಯಾಕೆ?" ಒಳ್ಳೆಯ ಪ್ರಶ್ನೆ ಎಂದು ಒಪ್ಪಿಕೊಂಡೆ.

ಚಿಕಿತ್ಸೆ ಸರಳ. ಗ್ರಂಥಿ ಕೊಡಬೇಕಾದ್ದನ್ನು ದಿನಕ್ಕೊಂದು ಪುಟ್ಟ ಬಿಳಿ ಗುಳಿಗೆ ಕೊಡುತ್ತದೆ. ಒಂದೇ ಷರತ್ತು: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು, ಆಮೇಲೆ ಸ್ವಲ್ಪ ಹೊತ್ತು ಹೊಟ್ಟೆಗೆ ಏನೂ ಹೋಗಬಾರದು. ಕೆಲವು ವಾರಗಳಲ್ಲಿ ಸರಿಹೋಗುತ್ತೀರಿ ಎಂದಿದ್ದರು ಡಾಕ್ಟರ್. ವಾರಗಳು ಹೋದವು, ಅಪ್ಪ ಸರಿಹೋಗಲಿಲ್ಲ. ಡೋಸ್ ಏರಿಸಿದರು. ಮತ್ತೂ ಏರಿಸಿದರು. ಶಾಲು ಇಳಿಯಲಿಲ್ಲ, ಉಪ್ಪೂ ಇಳಿಯಲಿಲ್ಲ. ಅಡುಗೆಮನೆಯಲ್ಲಿ ಬೇರೆಯವರು ಗುಟ್ಟಾಗಿ ಸಾಂಬಾರಿಗೆ ಬಿಸಿನೀರು ಸೇರಿಸುವ ಮಟ್ಟಕ್ಕೆ ಬಂತು.

ಮಳೆಗಾಲ ಮುಗಿಯುತ್ತಾ ಬಂದಾಗ ಧಣಿ ಅಪ್ಪನನ್ನು ಪಕ್ಕಕ್ಕೆ ಕರೆದು ಕೂರಿಸಿ ಹೇಳಿದರು, "ದೀಪಾವಳಿ ಕಳೀಲಿ. ಮತ್ತೆ ನೀವು ಸ್ವಲ್ಪ ರೆಸ್ಟ್ ತಕೊಳ್ಳಿ. ಕಾರ್ಕಳದಿಂದ ಒಬ್ಬರು ಅಡುಗೆಯವರು ಬರ್ತೇನೆ ಅಂದಿದ್ದಾರೆ. ನಾನು ಇನ್ನೂ ಹೂಂ ಅನ್ಲಿಲ್ಲ." ಆ ಕೊನೆಯ ವಾಕ್ಯಕ್ಕೆ ನಾನು ಇವತ್ತಿಗೂ ಅವರಿಗೆ ಋಣಿ. ಗಿರಾಕಿ ಬಟ್ಟಲು ಬಿಟ್ಟು ಎದ್ದುಹೋಗುವ ಹೋಟೆಲಿನ ಮಾಲೀಕನಿಗೆ ಹೂಂ ಅನ್ನದಿರುವುದು ಸಣ್ಣ ಕಷ್ಟವಲ್ಲ.

ಅಪ್ಪ ಇದನ್ನು ಮನೆಯಲ್ಲಿ ಊಟದ ಮಧ್ಯೆ, ನಾಳೆ ನೀರು ಬರುವುದಿಲ್ಲವಂತೆ ಎನ್ನುವ ಧಾಟಿಯಲ್ಲಿ ಹೇಳಿದರು. ಅಮ್ಮ ಬಡಿಸುವ ಕೈ ನಿಲ್ಲಿಸಿದಳು. ಆ ಒಲೆಯ ಮುಂದಿನ ಜಾಗ ಹೋದರೆ ಅಪ್ಪ ಎದ್ದು ಎಲ್ಲಿಗೆ ಹೋಗುತ್ತಾರೆ ಎನ್ನುವುದು ನಮ್ಮ ಮೂವರಿಗೂ ಹೊಳೆಯದ ಸಂಗತಿಯಾಗಿತ್ತು. ರಜೆ ಸಿಕ್ಕ ದಿನವೂ ಅದೇ ಹೊತ್ತಿಗೆ ಎದ್ದು, ಮನೆಯ ಗ್ಯಾಸ್ ಒಲೆಯನ್ನು ಒಮ್ಮೆ ನೋಡಿ, ಇದು ಒಲೆಯೇ ಎಂಬಂತೆ ಮುಖ ಮಾಡುವ ಮನುಷ್ಯ ಅವರು.

ಮುಂದಿನ ಸಲ ಪರೇಲಿಗೆ ಹೋಗುವಾಗ ನಾನೂ ಜೊತೆಗೆ ಹೋದೆ, ವಾದವನ್ನು ಸಿದ್ಧಮಾಡಿಕೊಂಡೇ. ಡಾಕ್ಟರ್ ಮರಾಠಿ ಹೆಂಗಸು, ನಡುವಯಸ್ಸು, ಕನ್ನಡಕ ತಲೆಯ ಮೇಲೆ. ಹೊಸ ರಿಪೋರ್ಟ್ ನೋಡಿ ತುಟಿ ಒತ್ತಿಕೊಂಡರು. ಅವರು ಹಿಂದಿಯಲ್ಲಿ ಆಡಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಕಾಕಾ, ಗುಳಿಗೆ ಖಾಲಿ ಹೊಟ್ಟೆಯಲ್ಲೇ ತಾನೇ?"

"ಏಕ್‌ದಮ್ ಖಾಲಿ, ಡಾಕ್ಟರ್‌ಬಾಯಿ. ನೀರಿನ ಜೊತೆ."

"ತಿಂಡಿ ಯಾವಾಗ?"

"ಬೆಳಗಿನ ರಶ್ ಎಲ್ಲ ಮುಗಿದ ಮೇಲೆ. ಬಹಳ ತಡ."

ನಾನು ಎದ್ದು ನಿಲ್ಲಲಿಲ್ಲ ಅಷ್ಟೆ, ಉಳಿದಂತೆ ಸ್ಪರ್ಧೆಯ ರೀತಿಯಲ್ಲೇ ಮಾತಾಡಿದೆ. ಲ್ಯಾಬಿನದ್ದೇ ತಪ್ಪಿರಬಹುದು, ಅಂಗಡಿಯ ಗುಳಿಗೆ ನಕಲಿ ಇರಬಹುದು, ರೋಗನಿರ್ಣಯವೇ ಪೂರ್ತಿ ಇಲ್ಲದಿರಬಹುದು. ಮೂರನ್ನೂ ನೀವು ಹೇಗೆ ತಳ್ಳಿಹಾಕುತ್ತೀರಿ?

ಅವರು ಪೂರ್ತಿ ಕೇಳಿದರು. ಹಾಗೆ ಕೇಳಿಸಿಕೊಳ್ಳುವವರು ನನಗೆ ಹೆಚ್ಚು ಸಿಕ್ಕಿಲ್ಲ.

"ಮುಗೀತಾ? ಈಗ ನಾನು. ಮೆದುಳಿನ ಅಡಿಯಲ್ಲಿ ಬಟಾಣಿಯಷ್ಟು ದೊಡ್ಡ ಗ್ರಂಥಿ ಇದೆ, ಪಿಟ್ಯುಟರಿ. ಅದು ರಕ್ತದಲ್ಲಿ ಥೈರಾಯ್ಡ್ ರಸ ಎಷ್ಟಿದೆ ಅಂತ ನೋಡ್ತಾ ಇರುತ್ತೆ. ಕಡಿಮೆ ಕಂಡರೆ ಕುತ್ತಿಗೆಯ ಗ್ರಂಥಿಗೆ ಕೂಗಿ ಹೇಳುತ್ತೆ, ಕೆಲಸ ಮಾಡು ಅಂತ. ಈ ರಿಪೋರ್ಟಿನ ಟಿ.ಎಸ್.ಎಚ್. ಅಂದ್ರೆ ಆ ಕೂಗು. ಬೇಕಾದಷ್ಟು ರಸ ಬಂದ ಕೂಡಲೇ ಅದು ಕೂಗು ನಿಲ್ಲಿಸಬೇಕು. ಕಾಕಾ ಅವರದ್ದು ಇನ್ನೂ ಕೂಗ್ತಾನೇ ಇದೆ. ಗುಳಿಗೆ ಬಾಯಿಗೆ ಹೋಗ್ತಿದೆ, ರಕ್ತಕ್ಕೆ ಸೇರ್ತಿಲ್ಲ. ಎರಡರ ನಡುವೆ ಏನೋ ಆಗ್ತಿದೆ."

"ಏನಾಗ್ತಿದೆ?"

"ಗೊತ್ತಿಲ್ಲ. ಗೊತ್ತಿಲ್ಲದೆ ಇನ್ನೊಂದು ಸಲ ಡೋಸ್ ಏರಿಸೋಕೆ ನನಗೆ ಇಷ್ಟ ಇಲ್ಲ." ಕನ್ನಡಕವನ್ನು ಮೂಗಿಗೆ ಇಳಿಸಿ ನನ್ನನ್ನು ನೋಡಿದರು. "ನೀನು ಇಷ್ಟು ಹೇಳಿದೆ. ಇವರು ಗುಳಿಗೆ ನುಂಗೋದನ್ನ ನೀನು ನೋಡಿದ್ದೀಯಾ?"

"ಇಲ್ಲ. ಹೋಟೆಲಿನಲ್ಲಿ ತಗೊಳ್ತಾರೆ."

"ಹಾಗಾದ್ರೆ ಒಂದು ಬೆಳಿಗ್ಗೆ ಹೋಗಿ ನೋಡು. ತಿಂಡಿಗೆ ಕೂರುವ ತನಕ ಜೊತೆಗಿರು. ವಾದ ಬೇಡ. ಸುಮ್ಮನೆ ನೋಡು."

ಹೊರಗೆ ಬಂದು ಅಪ್ಪ ಹೇಳಿದ್ದು ಒಂದೇ ಮಾತು: "ಒಳ್ಳೆ ಡಾಕ್ಟ್ರು. ನಿನ್ನನ್ನೂ ಸುಮ್ಮನಿರ್ಲಿಕ್ಕೆ ಹೇಳಿದ್ರು."

ಒಂದೆರಡು ದಿನ ಬಿಟ್ಟು ಅಪ್ಪನ ಜೊತೆ ಮೊದಲ ಲೋಕಲ್ ಹತ್ತಿದೆ. ದಾರಿಯುದ್ದಕ್ಕೂ ಅವರು ಶಾಲಿನೊಳಗೆ ತೂಗಿದರು. ಬೈಕುಲ್ಲಾ ಬಂದಾಗ ನಾನೇ ಎಬ್ಬಿಸಿದೆ. ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋಗಿ, ಕೈಕಾಲು ತೊಳೆದು, ಅಪ್ಪ ದೀಪ ಹಚ್ಚಿದರು. ಅಂಗಿಯ ಜೇಬಿನಿಂದ ಗುಳಿಗೆಯ ಹಾಳೆ ತೆಗೆದು, ಒಂದನ್ನು ಬಾಯಿಗೆ ಹಾಕಿ, ಲೋಟದ ತುಂಬ ನೀರು ಕುಡಿದರು. ನನ್ನ ಕಡೆ ತಿರುಗಿ ಖಾಲಿ ಲೋಟ ತೋರಿಸಿದರು. ಎಲ್ಲ ನಿಯಮದಂತೆ.

ಆಮೇಲೆ ಒಲೆ ಹಚ್ಚಿದರು. ಹಾಲು ಉಕ್ಕಿತು, ಡಿಕಾಕ್ಷನ್ ಇಳಿಯಿತು. ಲೋಟದಲ್ಲಿ ಒಂದಿಷ್ಟು ಕಾಫಿ ಬೆರೆಸಿ ಅಪ್ಪ ಕಣ್ಣು ಮುಚ್ಚಿ ಕುಡಿದರು. ತಲೆಯಲ್ಲಾಡಿಸಿ ಇನ್ನಷ್ಟು ಡಿಕಾಕ್ಷನ್ ಹಾಕಿ ಮತ್ತೆ ಕುಡಿದರು. ಸಾಂಬಾರಿನ ಹಂಡೆ ಕುದಿಯುತ್ತಿದ್ದಂತೆ ಸೌಟಿನಿಂದ ಅಂಗೈಗೆ ಸುರಿದುಕೊಂಡು ನೆಕ್ಕಿದರು, ಉಪ್ಪು ಹಾಕಿದರು, ಮತ್ತೆ ಅಂಗೈ, ಮತ್ತೆ ಉಪ್ಪು. ಚಟ್ನಿ ಅಂಗೈಗೆ. ಶೀರ ಬೆರಳ ತುದಿಗೆ. ಪುನಃ ಕಾಫಿ, ಈ ಸಲ ಹಾಲು ಸರಿಯಿದೆಯೇ ಎಂದು ನೋಡಲು. ರುಚಿ ಹತ್ತದ ನಾಲಿಗೆ ಒಂದು ಸಲಕ್ಕೆ ತೀರ್ಪು ಕೊಡುತ್ತಿರಲಿಲ್ಲ. ಆದ್ದರಿಂದ ಅಪ್ಪ ಅದನ್ನೇ ಪದೇ ಪದೇ ಕೇಳುತ್ತಿದ್ದರು. ನಾನು ಮಾತಾಡಬಾರದು ಎಂದು ಡಾಕ್ಟರ್ ಹೇಳಿದ್ದರು. ಆಗಲಿಲ್ಲ.

"ಅಪ್ಪ, ಈಗ ನೀವು ಕಾಫಿ ಕುಡಿದ್ರಿ."

"ಎಲ್ಲಿ ಕುಡಿದೆ? ಕಾಫಿ ನೋಡಿದ್ದು."

"ಲೋಟದಲ್ಲಿತ್ತು. ಈಗ ಇಲ್ಲ. ಎಲ್ಲಿಗೆ ಹೋಯ್ತು?"

"ಕುಡಿಯುದು ಬೇರೆ, ನೋಡುದು ಬೇರೆ ಮಾರಾಯ್ತಿ. ಕುಡಿಯುದಾದ್ರೆ ಕೂತು ಕುಡೀತೇನೆ."

"ಸಾಂಬಾರು?"

"ಅದು ಅಂಗೈಯದ್ದು. ಅಂಗೈಯದ್ದಕ್ಕೆ ಯಾರಾದ್ರೂ ತಿಂಡಿ ಹೇಳ್ತಾರಾ? ಕೇಳು ಬೇಕಾದ್ರೆ ಇವರನ್ನು."

ಇಡ್ಲಿ ಹಬೆಯಿಂದ ತಟ್ಟೆ ಇಳಿಸುತ್ತಿದ್ದ ಅಪ್ಪನ ಜೊತೆಗಾರ ತಲೆಯೆತ್ತದೆ ತೀರ್ಪು ಕೊಟ್ಟರು: "ಅದು ಲೆಕ್ಕಕ್ಕಿಲ್ಲ ಮಗಾ. ಅದನ್ನು ಹಿಡಿದ್ರೆ ನಾವೆಲ್ಲ ಉಪವಾಸದ ದಿನ ನರಕಕ್ಕೆ ಹೋಗ್ಬೇಕು." ಅಡುಗೆಮನೆ ನಕ್ಕಿತು.

ಅಪ್ಪ ಸುಳ್ಳು ಹೇಳಿರಲಿಲ್ಲ, ಡಾಕ್ಟರಿಗೂ, ನನಗೂ. ಗಿರಾಕಿಗಿಂತ ಮೊದಲು ಉಣ್ಣುವ ಅಡುಗೆಯವನು ಅನ್ನಿಸಿಕೊಳ್ಳುವುದು ಅವರ ಕಸುಬಿನಲ್ಲಿ ಅವಮಾನ. ಆದ್ದರಿಂದ ನಿಂತುಕೊಂಡು ಅಂಗೈಯಿಂದ ನೆಕ್ಕಿದ್ದನ್ನು ಆ ಕಸುಬು ಊಟದಿಂದಲೇ ಹೊರಗಿಟ್ಟಿದೆ. ಹಾಗೆ ಹೊರಗಿಡದಿದ್ದರೆ ಒಬ್ಬ ಮರ್ಯಾದಸ್ಥ ಅಡುಗೆಯವನು ಕೆಲಸ ಮಾಡುವುದೇ ಸಾಧ್ಯವಿಲ್ಲ. ನಾನು ಅದಕ್ಕಿಂತ ಒಳ್ಳೆಯ ವಾದವನ್ನು ಯಾವ ವೇದಿಕೆಯಲ್ಲೂ ಕೇಳಿಲ್ಲ. ತೊಂದರೆ ಇಷ್ಟೇ: ಕರುಳು ಅದನ್ನು ಕೇಳುವುದಿಲ್ಲ. ಕಾಫಿ ಬಂದರೆ ಅದಕ್ಕೆ ಕಾಫಿ. ಆ ಪುಟ್ಟ ಗುಳಿಗೆ ಕಾಫಿ, ಹಾಲು, ಬೇಳೆಗಳ ನಡುವೆ ಸಿಕ್ಕಿಕೊಂಡು, ರಕ್ತಕ್ಕೆ ಸೇರಬೇಕಾದ ಬಹುಪಾಲು ಹಾಗೆಯೇ ದಾಟಿ ಹೋಗುತ್ತಿತ್ತು. ಗುಳಿಗೆ ಸೇರದ್ದರಿಂದ ರುಚಿ ಹತ್ತುತ್ತಿರಲಿಲ್ಲ. ರುಚಿ ಹತ್ತದ್ದರಿಂದ ಅಪ್ಪ ಹೆಚ್ಚು ರುಚಿ ನೋಡುತ್ತಿದ್ದರು. ಹೆಚ್ಚು ನೋಡಿದ್ದರಿಂದ ಗುಳಿಗೆ ಇನ್ನೂ ಸೇರುತ್ತಿರಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಅವರು ಸ್ವಲ್ಪ ಹೊತ್ತು ನಕ್ಕರು, ನಂತರ, "ಪ್ರಶ್ನೆ ನಾನೇ ತಪ್ಪಾಗಿ ಕೇಳ್ತಿದ್ದೆ. ತಿಂಡಿ ಯಾವಾಗ ಅಂತ ಕೇಳಿದೆ, ಬಾಯಿಗೆ ಮೊದಲು ಏನು ಹೋಗುತ್ತೆ ಅಂತ ಕೇಳಲಿಲ್ಲ," ಎಂದರು. ಅಂಥ ಮಾತು ಆಡುವ ಡಾಕ್ಟರನ್ನು ನಾನು ನಂಬಲು ಸಿದ್ಧ. ನಂಬಿಕೆ ಎಂಬ ಪದವನ್ನು ನಾನು ಸುಮ್ಮನೆ ಬಳಸುವವಳಲ್ಲ. ಡೋಸ್ ಇದ್ದಷ್ಟೇ ಇರಲಿ, ಗುಳಿಗೆಯನ್ನು ಮನೆಯಲ್ಲಿ ಎದ್ದ ಕೂಡಲೇ ತಗೊಳ್ಳಲಿ, ಏರಿಸಿದ್ದು ಈಗ ಜಾಸ್ತಿಯಾದರೂ ಆಗಬಹುದು, ಗಮನವಿಡಿ ಎಂದರು.

ಮನೆಯಲ್ಲಿ ಎದ್ದ ಕೂಡಲೇ. ಅಲ್ಲಿ ನಿಂತಿತು ವಿಷಯ. ದೀಪ ಹಚ್ಚುವ ಮೊದಲು ಬಾಯಿಗೆ ನೀರಿಲ್ಲ. ದೀಪ ಇರುವುದು ಬೈಕುಲ್ಲಾದಲ್ಲಿ.

ನಾನು ವಾದ ಮಾಡಿದೆ. ಔಷಧಿ ಆಹಾರವಲ್ಲ ಎಂದೆ. "ಅಂಗೈಯದ್ದು ಆಹಾರ ಅಂತ ನೀನೇ ಹೇಳಿದ್ದು," ಎಂದರು. ನಿಯಮ ಮಾಡಿದವರಿಗೆ ಥೈರಾಯ್ಡ್ ಗೊತ್ತಿರಲಿಲ್ಲ ಎಂದೆ. "ಅವರಿಗೆ ಲೋಕಲ್ ಟ್ರೈನೂ ಗೊತ್ತಿರ್ಲಿಲ್ಲ, ಹೋಟೆಲಲ್ಲೇ ಮಲಗ್ತಿದ್ರು," ಎಂದರು. ಕಾರ್ಕಳದವರು ಬಂದರೆ ಆ ದೀಪವನ್ನು ಅವರು ಹಚ್ಚುತ್ತಾರೆ ಎಂದೆ. ಅಪ್ಪ ಶಾಲನ್ನು ಕುತ್ತಿಗೆಯ ತನಕ ಎಳೆದುಕೊಂಡರು. ಆ ಮಾತು ಆಡಬಾರದಿತ್ತು ಎಂದು ನನಗೆ ಅನ್ನಿಸಿತು.

ಅಮ್ಮ ಬಟ್ಟೆ ಮಡಚುತ್ತಿದ್ದಳು. "ನಿಮ್ಮಿಬ್ಬರದ್ದು ಮುಗೀತಾ? ದೀಪ ಹಚ್ಬೇಕು ಅಂತ ತಾನೇ ಇರುದು? ಇಲ್ಲಿ ದೇವರ ಪಟ ಇಲ್ವಾ? ಎದ್ದು ಮುಖ ತೊಳೆದು ಇಲ್ಲೊಂದು ಹಚ್ಚಿ. ಅಲ್ಲಿ ಹೋಗಿ ಅಲ್ಲೊಂದು ಹಚ್ಚಿ. ಎಣ್ಣೆ ನಾನು ತರ್ತೇನೆ."

ಅಪ್ಪ ಯೋಚಿಸಿದರು. ಆಗ ಅವರ ಯೋಚನೆಗೆ ಬಹಳ ಹೊತ್ತು ಹಿಡಿಯುತ್ತಿತ್ತು. "ಹಾಗೂ ಆಗ್ತದೆ," ಎಂದರು.

ಮರುದಿನದಿಂದ ಭಾಂಡುಪ್‌ನಲ್ಲಿ ದೀಪ, ಗುಳಿಗೆ, ನೀರು. ಆಮೇಲೆ ಸ್ಟೇಷನ್ನಿಗೆ ನಡಿಗೆ, ಲೋಕಲ್, ಬೈಕುಲ್ಲಾದ ನಡಿಗೆ, ಇನ್ನೊಂದು ದೀಪ. ಖಾಲಿ ಹೊಟ್ಟೆಗೆ ಬೇಕಾದ ಹೊತ್ತನ್ನು ಸೆಂಟ್ರಲ್ ಲೈನ್ ತಾನಾಗಿ ಒದಗಿಸಿತು. ಗಾಡಿ ಕುರ್ಲಾದ ಆಚೆ ಸುಮ್ಮನೆ ನಿಂತರೆ ಈಗ ನಾನು ಬೈಯುವುದಿಲ್ಲ. ಯಾರದೋ ಕರುಳಿನಲ್ಲಿ ಏನೋ ಕೆಲಸ ಸಾಗುತ್ತಿರಬಹುದು.

ಮೊದಲು ಇಳಿದದ್ದು ಶಾಲು. ಬಳಿಕ ಸ್ವರ ತಿಳಿಯಾಯಿತು. ನಂತರ ಡಾಕ್ಟರ್ ಹೇಳಿದಂತೆಯೇ, ಏರಿಸಿಟ್ಟಿದ್ದ ಡೋಸ್ ಪೂರ್ತಿ ರಕ್ತಕ್ಕೆ ಸೇರತೊಡಗಿ ಅಪ್ಪ ಇನ್ನೊಂದು ತುದಿಗೆ ಹೋದರು. ಬೆವರು, ಎದೆ ಡಬಡಬ, ಎಲ್ಲರ ಮೇಲೂ ಸಿಡುಕು. ಗಾಡಿ ಸಿಗ್ನಲ್ಲಿಗೆ ನಿಂತರೆ ಸರ್ಕಾರದ ಬಗ್ಗೆ, ಮನೆಯಲ್ಲಿ ಪಕ್ಕದ ಮನೆಯವರ ಬಗ್ಗೆ ಉಸಿರು ಬಿಡದೆ ಮಾತು. "ವಾದ ಮಾಡ್ಲಿಕ್ಕೆ ಮನೆಯಲ್ಲಿ ಒಬ್ಬಳು ಸಾಲದು ಅಂತ ಇನ್ನೊಬ್ಬರು ಬಂದ್ರು," ಎಂದು ಅಮ್ಮ ನನ್ನನ್ನೂ ಅವರನ್ನೂ ಒಟ್ಟಿಗೆ ನೋಡಿದಳು. ಡೋಸ್ ಇಳಿಸಿದರು. ಅಪ್ಪ ಅಪ್ಪನಾದರು.

ಆ ದಿನಗಳಲ್ಲಿ ನನ್ನನ್ನು ಒಂದು ಯೋಚನೆ ಕಾಡಿತು. ಕಣ್ಣಿಗೆ ಕಾಣದಷ್ಟು ರಸ ಕಡಿಮೆಯಾದರೆ ನನ್ನ ಅಪ್ಪ ಮಂಕು, ಹೆಚ್ಚಾದರೆ ಜಗಳಗಂಟ. ಹಾಗಾದರೆ ನನ್ನ ಚುರುಕು ಎಷ್ಟರಮಟ್ಟಿಗೆ ನನ್ನದು? ವೇದಿಕೆ ಹತ್ತುವ ಮುನ್ನ ನನ್ನ ಅಂಗೈ ಬೆವರಿ, ತಲೆ ತಟ್ಟನೆ ತಿಳಿಯಾಗುತ್ತದಲ್ಲ, ಅದನ್ನು ಮಾಡುವುದು ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿ. ಗೆದ್ದ ಬಹುಮಾನಗಳಲ್ಲಿ ಅದಕ್ಕೂ ಪಾಲಿದೆ. ಇದರಿಂದ ನನಗೆ ಅವಮಾನವಾಗಬೇಕಿತ್ತು, ಆಗಲಿಲ್ಲ. ಹುಟ್ಟಿದಾಗಿನಿಂದ ಯಾರೂ ಕೇಳಿಕೊಳ್ಳದೆ ನನ್ನೊಳಗೆ ಇಷ್ಟು ನಿಖರವಾಗಿ ಕೆಲಸ ನಡೆದಿದೆ ಎಂದು ತಿಳಿದಾಗ ಒಂದು ರೀತಿಯ ನಿರಾಳ ಬಂತು. ಎಲ್ಲಕ್ಕಿಂತ ನನಗೆ ಮೆಚ್ಚುಗೆಯಾದದ್ದು ಆ ಬಟಾಣಿ ಗಾತ್ರದ ಪಿಟ್ಯುಟರಿ. ಉತ್ತರ ಬರುವ ತನಕ ತಿಂಗಳುಗಟ್ಟಲೆ ಕೂಗಿತು. ಉತ್ತರ ಬಂದ ಕೂಡಲೇ ಸುಮ್ಮನಾಯಿತು. ಗೆದ್ದ ಮೇಲೂ ಮಾತು ನಿಲ್ಲಿಸದ ನನಗೆ ಅದರಿಂದ ಕಲಿಯುವುದಿದೆ. ಅದಕ್ಕೆ, ಅದರ ಕೂಗನ್ನು ಅಳೆಯಲು ಕಲಿತವರಿಗೆ, ಗುಳಿಗೆ ಮಾಡುವ ಹಾದಿ ಕಂಡುಕೊಂಡವರಿಗೆ, ಗೊತ್ತಿಲ್ಲ ಎಂದ ಡಾಕ್ಟರಿಗೆ, ಎಣ್ಣೆ ತಂದ ಅಮ್ಮನಿಗೆ ನಾನು ಕೈಮುಗಿಯುತ್ತೇನೆ. ಎದುರಾಳಿಗಳು ಬರೆದುಕೊಳ್ಳಲಿ.

ದೀಪಾವಳಿಗೆ ಇನ್ನು ಕೆಲವೇ ದಿನ ಇದ್ದಾಗ ಮತ್ತೆ ರಕ್ತ ಕೊಡಬೇಕಿತ್ತು. ಬೆಳಗಿನ ರಶ್ ಮುಗಿಸಿಕೊಂಡು ಬೈಕುಲ್ಲಾದಿಂದಲೇ ಪರೇಲಿಗೆ ಹೋಗೋಣ ಎಂದು ನಾನೂ ಅಪ್ಪನ ಜೊತೆ ಹೋಗಿದ್ದೆ. ಅಡುಗೆಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಅಭ್ಯಾಸಬಲದಿಂದ ಸಾಂಬಾರಿಗೆ ಉಪ್ಪು ಹಾಕಿದ ಅಪ್ಪ ಸೌಟಿನಿಂದ ಅಂಗೈಗೆ ಒಂದಿಷ್ಟು ಸುರಿದು ನೆಕ್ಕಿದರು. ನೆಕ್ಕಿ ಹಾಗೇ ನಿಂತರು. ಮುಖ ಹುಳ್ಳಗಾಯಿತು. ಇನ್ನೊಮ್ಮೆ ನೋಡಲಿಲ್ಲ, ಬೇಕಾಗಲಿಲ್ಲ.

"ಥೂ," ಎಂದರು. "ಇದನ್ನು ಇಷ್ಟು ದಿನ ಕೊಟ್ಟದ್ದಾ ನಾನು ಜನಕ್ಕೆ?"

ಗುಟ್ಟಾಗಿ ಬಿಸಿನೀರು ಸೇರಿಸುತ್ತಿದ್ದವರು ಚಟ್ನಿಯ ಕಡೆ ನೋಡಿದರು.

ಅಪ್ಪ ಗಲ್ಲೆಯ ಕಡೆಗೆ ಕೂಗಿ ಹೇಳಿದರು, "ಶಟರ್ ಎತ್ಬೇಡಿ. ಉಪ್ಪು ಜಾಸ್ತಿ ಉಂಟು. ಬೇಳೆ ಬೇಯಿಸಿ ಸೇರಿಸ್ಬೇಕು, ಇವತ್ತು ತಡ ಆಗ್ತದೆ."

ಧಣಿ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. "ಯಾರು ಹೇಳಿದ್ದು ಜಾಸ್ತಿ ಅಂತ?"

"ಯಾರು ಹೇಳ್ಬೇಕು? ನಾನು ಹೇಳಿದ್ದು."

ಧಣಿ ಮುಂಬಾಗಿಲಿಗೆ ನಡೆದರು. ಹೊರಗೆ ಅರ್ಧ ಇಳಿದ ಶಟರಿನ ಕೆಳಗೆ ಮಾರುಕಟ್ಟೆಯ ಜನರ ಕಾಲುಗಳು ಕಾಣುತ್ತಿದ್ದವು. ಯಾರೋ ಅದರ ತಗಡಿನ ಮೇಲೆ ಬೆರಳು ಬಡಿಯುತ್ತಿದ್ದರು. ಅವರಿಗೆ ಕಾಯಲು ಹೇಳಿ ಬಂದ ಧಣಿ ಗಲ್ಲೆಗೆ ಹೋಗಿ ಫೋನ್ ತೆಗೆದರು. ಅಪ್ಪ ಬೇಳೆ ತೊಳೆಯುತ್ತಿದ್ದರು, ನೀರಿನ ಸದ್ದಿನಲ್ಲಿ ಅವರಿಗೆ ಕೇಳಿಸಿರಲಿಕ್ಕಿಲ್ಲ. ನನಗೆ ಕೇಳಿಸಿತು.

"ಹಲೋ, ಕಾರ್ಕಳವಾ? ಹಾಂ, ನಾನೇ. ಇಲ್ಲ ಮಾರಾಯ್ರೇ, ನೀವು ಟಿಕೆಟ್ ಮಾಡುದು ಬೇಡ. ನಮ್ಮ ಒಲೆಗೆ ಜನ ಉಂಟು."